ಹಳೇ ಅಲ್ಯೂಮಿನಿಯಂ ದೋಣಿಗೆ ಸೆಕೆಂಡ್ ಹ್ಯಾಂಡ್ ಮೋಟರ್: ಮೊದಲು ತೂಕ, ಆಮೇಲೆ ಎಚ್‌ಪಿ

12 ಅಡಿಯ ಹಳೇ ಅಲ್ಯೂಮಿನಿಯಂ ದೋಣಿಗೆ 4ರಿಂದ 6 ಎಚ್‌ಪಿಯ, ಗಿಡ್ಡ ಶಾಫ್ಟಿನ, 28 ಕೆ.ಜಿ. ದಾಟದ ಔಟ್‌ಬೋರ್ಡ್ ಮೋಟರ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕಚ್ಚಿಸುವಂಥದ್ದು) ಹಾಕಿ. ಚನ್ನಗಿರಿಯ ಸೂಳೆಕೆರೆಗೂ ಇಷ್ಟು ಸಾಕು, ಹಿರಿಯೂರಿನ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯಕ್ಕೂ ಇಷ್ಟು ಸಾಕು. "15 ಎಚ್‌ಪಿದು ಅದೇ ರೇಟಿಗೆ ಬರ್ತಿದೆಯಲ್ಲ, ಯಾಕೆ ಬಿಡಬೇಕು?" ಅನ್ನುವವರಿಗಾಗಿ ಇದನ್ನು ಬಿಡಿಸಿ ಬರೆಯುತ್ತಿದ್ದೇವೆ.

ತೂಕದಿಂದ ಶುರು ಮಾಡೋಣ. 4ರಿಂದ 5 ಎಚ್‌ಪಿಯ ಟೂ ಸ್ಟ್ರೋಕ್ ಮೋಟರ್ ಸುಮಾರು 20–21 ಕೆ.ಜಿ. ಬರುತ್ತದೆ. 4ರಿಂದ 6 ಎಚ್‌ಪಿಯ ಫೋರ್ ಸ್ಟ್ರೋಕ್ 25–27 ಕೆ.ಜಿ. ಮೇಲಕ್ಕೆ ಹೋದರೆ, 9.9 ಅಥವಾ 15 ಎಚ್‌ಪಿಯ ಟೂ ಸ್ಟ್ರೋಕ್ 36 ಕೆ.ಜಿ.ಯ ಹತ್ತಿರ, ಫೋರ್ ಸ್ಟ್ರೋಕ್ ಆದರೆ 40ರ ಆಸುಪಾಸು. ಹತ್ತು ಹದಿನೈದು ಕೆ.ಜಿ. ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಆದರೆ ಆ ಭಾರ ದೋಣಿಯ ನಡುವೆ ಕೂರುವುದಿಲ್ಲ, ಹಿಂಬದಿಯ ಹಲಗೆಯ ಆಚೆ ನೇತಾಡುತ್ತದೆ. ಅದರ ಪಕ್ಕದಲ್ಲೇ ಹ್ಯಾಂಡಲ್ ಹಿಡಿದು 65–70 ಕೆ.ಜಿ.ಯ ಒಬ್ಬ ಮನುಷ್ಯ ಕೂರುತ್ತಾನೆ, ಕಾಲ ಬುಡದಲ್ಲೇ ಪೆಟ್ರೋಲ್ ಟ್ಯಾಂಕು. ಅಲ್ಲಿಗೆ ದೋಣಿಯ ಮೂತಿ ಎದ್ದು, ಹಿಂಬದಿಯ ಅಂಚು ನೀರಿಗೆ ನಾಲ್ಕು ಬೆರಳು ಹತ್ತಿರ ಬಂದಿರುತ್ತದೆ. ಓಡುತ್ತಿದ್ದವರು ತಟ್ಟನೆ ಥ್ರಾಟಲ್ ಇಳಿಸಿದರೆ ತಮ್ಮದೇ ದೋಣಿ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ಒಳಗೆ ಸುರಿಯುತ್ತದೆ.

ಎಚ್‌ಪಿ ಲೆಕ್ಕಕ್ಕೆ ಅಮೆರಿಕದ ಕೋಸ್ಟ್ ಗಾರ್ಡ್ ನಿಯಮ ಸರಳವಾಗಿದೆ, ಟೇಪ್ ಒಂದಿದ್ದರೆ ಸಾಕು. ದೋಣಿಯ ಉದ್ದವನ್ನೂ ಹಿಂಬದಿಯ ಅಗಲವನ್ನೂ ಅಡಿಗಳಲ್ಲಿ ಅಳೆದು ಗುಣಿಸಿ. 35ರೊಳಗೆ ಬಂದರೆ 3 ಎಚ್‌ಪಿ, 36ರಿಂದ 39ಕ್ಕೆ 5, 40ರಿಂದ 42ಕ್ಕೆ 7.5, 43ರಿಂದ 45ಕ್ಕೆ 10, 46ರಿಂದ 52ಕ್ಕೆ 15. ತಳ ಚಪ್ಪಟೆಯಾಗಿದ್ದು ಬದಿಗಳು ಮೂಲೆ ಮುರಿದಂತೆ ನೇರ ಎದ್ದಿದ್ದರೆ ಒಂದು ಮೆಟ್ಟಿಲು ಇಳಿಸಬೇಕು. 12 ಅಡಿ ಉದ್ದ, 3.5 ಅಡಿ ಅಗಲ ಅಂದರೆ 42. ಅದಕ್ಕೆ 7.5 ಎಚ್‌ಪಿ. ನಮ್ಮ ಕಡೆ ಓಡಾಡುವ ಈ ಅಳತೆಯ ದೋಣಿಗಳ ತಳ ಹೆಚ್ಚಾಗಿ ಚಪ್ಪಟೆ, ಹಾಗಾಗಿ 5. ಇದು ಹೊಸ, ಗಟ್ಟಿ ದೋಣಿಗೆ ಹಾಕಿದ ಮಿತಿ ಅನ್ನುವುದು ನೆನಪಿರಲಿ.

ಇನ್ನು ವೇಗ. 12 ಅಡಿಯ ದೋಣಿ ನೀರನ್ನು ಸೀಳಿಕೊಂಡು ಹೋಗುವಾಗ ಗಂಟೆಗೆ 8 ಕಿ.ಮೀ. ಹತ್ತಿರ ಬಂದು ನಿಲ್ಲುತ್ತದೆ. ಅದಕ್ಕಿಂತ ಜೋರಾಗಬೇಕಾದರೆ ದೋಣಿ ನೀರಿನ ಮೇಲೆ ಎದ್ದು ಜಾರಬೇಕು. ಹಾಗೆ ಏಳಲು ಅಂದಾಜು ಪ್ರತಿ 20 ಕೆ.ಜಿ.ಗೆ 1 ಎಚ್‌ಪಿ ಬೇಕು. ದೋಣಿ 70 ಕೆ.ಜಿ., ಮೂರು ಜನ 200, ಮೋಟರ್ 40, ಪೆಟ್ರೋಲು ಬಲೆ ಐಸು ಸೇರಿ 50. ಒಟ್ಟು 360 ಕೆ.ಜಿ.ಗೆ 18 ಎಚ್‌ಪಿ. ಆ ತಾಕತ್ತನ್ನು ಹಳೇ ದೋಣಿ ತಡೆಯುವುದಿಲ್ಲ. 8 ಅಥವಾ 9.9 ಹಾಕಿದರೆ ಏಳುವುದೂ ಇಲ್ಲ, ಹಿಂಬದಿ ಇನ್ನಷ್ಟು ಹೂತುಕೊಂಡು ಪೆಟ್ರೋಲು ಮಾತ್ರ ಎರಡರಷ್ಟು ಕುಡಿಯುತ್ತದೆ. ಅದೇ 8 ಕಿ.ಮೀ.ಗೆ 4 ಎಚ್‌ಪಿ ಧಾರಾಳ.

ಹಾಗಂತ 2.5ಕ್ಕೆ ಇಳಿಯಬೇಡಿ. ಆಷಾಢದ ಗಾಳಿ ಚಿತ್ರದುರ್ಗದ ಕಡೆ ಹೇಗಿರುತ್ತದೆಂದು ಗುಡ್ಡಗಳ ಮೇಲಿನ ಗಾಳಿಯಂತ್ರಗಳೇ ಹೇಳುತ್ತವೆ. ಹಗುರ ಅಲ್ಯೂಮಿನಿಯಂ ದೋಣಿ ತರಗೆಲೆಯ ಹಾಗೆ ಬದಿಗೆ ಸರಿಯುತ್ತದೆ. ಎದುರು ಗಾಳಿಯಲ್ಲಿ ದಡ ಸೇರಲು ಕೈಯಲ್ಲಿ ಸ್ವಲ್ಪ ಶಕ್ತಿ ಉಳಿದಿರಬೇಕು. ಅದೂ ಅಲ್ಲದೆ ನಮ್ಮದು ಸಮುದ್ರ ಮಟ್ಟದಿಂದ 600 ಮೀಟರ್ ಎತ್ತರದ ಸೀಮೆ. ಪ್ರತಿ 300 ಮೀಟರಿಗೆ ಮೋಟರಿನ ಶಕ್ತಿ ಸುಮಾರು ಶೇ. 3 ಕುಗ್ಗುತ್ತದೆ, ಅಂದರೆ ಶೇ. 6 ಇಲ್ಲೇ ಹೋಯಿತು. ಒಂದೇ ಮಾಲಿಕೆಯ 4, 5, 6 ಎಚ್‌ಪಿ ಫೋರ್ ಸ್ಟ್ರೋಕ್‌ಗಳು ಬಹುಮಟ್ಟಿಗೆ ಒಂದೇ ಬ್ಲಾಕು, ಒಂದೇ ತೂಕ. ಹಾಗಾಗಿ ಸಮ ಬೆಲೆಗೆ ಸಿಕ್ಕರೆ ಚಪ್ಪಟೆ ತಳದ ದೋಣಿಗೆ 5, ಉಳಿದದ್ದಕ್ಕೆ 6 ತೆಗೆದುಕೊಳ್ಳಿ.

ಮೋಟರ್ ಹುಡುಕುವ ಮೊದಲು ದೋಣಿಯ ಹಿಂಬದಿ ನೋಡಿ. ಮೋಟರನ್ನು ಕಚ್ಚಿಸುವ ಆ ಭಾಗಕ್ಕೆ ಟ್ರಾನ್ಸಮ್ ಅನ್ನುತ್ತಾರೆ. ಹೊರಗೆ ಅಲ್ಯೂಮಿನಿಯಂ ತಗಡು ಕಂಡರೂ ಹೊರೆ ಹೊರುವುದು ಒಳಗಿರುವ ಪ್ಲೈವುಡ್. ಇಪ್ಪತ್ತು ವರ್ಷದ ದೋಣಿಯಲ್ಲಿ ಅದು ಕೊಳೆತಿರದಿದ್ದರೆ ಅದೃಷ್ಟ. ಸ್ಕ್ರೂಡ್ರೈವರಿನ ಹಿಡಿಯಿಂದ ಮೇಲಿಂದ ಕೆಳಗೆ ತಟ್ಟುತ್ತಾ ಬನ್ನಿ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ, ಕೊಳೆತದ್ದು ಒದ್ದೆ ಗೋಣಿಯ ಮೇಲೆ ಬಡಿದಂತೆ ಮಂಕು ಸದ್ದು. ಕೆಳಗಿನ ಒಂದು ಬೋಲ್ಟ್ ಬಿಚ್ಚಿ, ಆ ತೂತಿಗೆ ಸಣ್ಣ ಮೊಳೆ ದಪ್ಪದ ತಂತಿ ತುರುಕಿ ತಿರುಗಿಸಿ ಹೊರಗೆಳೆಯಿರಿ. ತುದಿಗೆ ಕಪ್ಪನೆಯ ಗಸಿ ಅಂಟಿ ಬಂದರೆ ಒಳಗಿನ ಮರ ಮುಗಿದಿದೆ, ಮೇಲಿನಿಂದ ಎಷ್ಟು ಸೀಲೆಂಟ್ ಬಳಿದರೂ ಪ್ರಯೋಜನವಿಲ್ಲ. ಮರ ಗಟ್ಟಿ ಅನ್ನಿಸಿದರೆ ಯಾವುದಾದರೂ ಮೋಟರ್ ಕಚ್ಚಿಸಿ, ಕೆಳಗಿನ ಗೇರ್ ಭಾಗವನ್ನು ಹಿಡಿದು ಹಿಂದೆ ಮುಂದೆ ಜಗ್ಗಿ. ಟ್ರಾನ್ಸಮ್ ಉಸಿರಾಡಿದಂತೆ ಅಲುಗಿದರೆ ಅದನ್ನೂ ಬದಲಿಸಬೇಕು.

ಬದಲಿಸುವುದು ಕಷ್ಟದ ಕೆಲಸವಲ್ಲ, ಅವಸರದ ಕೆಲಸವೂ ಅಲ್ಲ. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ 19 ಎಂಎಂದು ಎರಡು ತುಂಡು ಎಪಾಕ್ಸಿಯಲ್ಲಿ ಅಂಟಿಸಿದರೆ 38 ಎಂಎಂ, ಅಂದರೆ ಒಂದೂವರೆ ಇಂಚು ಸಿಗುತ್ತದೆ. ಹಳೇ ಹಲಗೆಯನ್ನು ಪುಡಿ ಮಾಡದೆ ಹೊರತೆಗೆಯಿರಿ, ಅದೇ ನಿಮ್ಮ ಅಚ್ಚು. ಪ್ಲೈವುಡ್ಡಿನ ನಾಲ್ಕೂ ಅಂಚಿಗೆ ಎಪಾಕ್ಸಿ ಎರಡು ಮೂರು ಸಲ ಕುಡಿಸಿ, ಏಕೆಂದರೆ ನೀರು ಒಳಗೆ ಹೋಗುವುದು ಅಂಚಿನಿಂದ. ಬೋಲ್ಟ್ ತೂತುಗಳನ್ನು ಸ್ವಲ್ಪ ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಒಣಗಿದ ಮೇಲೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಗೆದ್ದಲು ಬರದಿರಲಿ ಅಂತ ತಾಮ್ರದ ಔಷಧಿ ಕುಡಿಸಿದ ಮರ ಹಾಕಲೇಬೇಡಿ. ಒದ್ದೆಯಾದಾಗ ಆ ತಾಮ್ರ ಅಲ್ಯೂಮಿನಿಯಂ ತಗಡನ್ನು ತೂತು ಬೀಳುವ ತನಕ ತಿನ್ನುತ್ತದೆ. ಹಿತ್ತಾಳೆ ಬೋಲ್ಟಿಗೂ ಇದೇ ಮಾತು. ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ಅದರ ತಲೆಯ ಕೆಳಗೂ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ.

ರಿವೆಟ್‌ಗಳ ಸೋರಿಕೆ ಹಿಡಿಯಲು ದೋಣಿಯನ್ನು ನೀರಿಗೆ ಇಳಿಸಬೇಕಿಲ್ಲ, ನೀರನ್ನೇ ದೋಣಿಗೆ ತುಂಬಿಸಿ. ಕೆಳಗೆ ನಾಲ್ಕೈದು ಕಡೆ ಮರದ ದಿಮ್ಮಿ ಕೊಟ್ಟು ಒಳಗೆ ನಾಲ್ಕು ಇಂಚು ನೀರು ನಿಲ್ಲಿಸಿ, ತೊಟ್ಟಿಕ್ಕುವ ಕಡೆಯೆಲ್ಲ ಮಾರ್ಕರಿನಲ್ಲಿ ಗುರುತು ಹಾಕಿ. ಸಡಿಲವಾದ ರಿವೆಟ್ಟಿಗೆ ಒಬ್ಬರು ಹೊರಗಿನಿಂದ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಒಳಗಿನಿಂದ ಸುತ್ತಿಗೆಯಲ್ಲಿ ಬಡಿಯಬೇಕು. ಮಾಮೂಲಿ ಪಾಪ್ ರಿವೆಟ್ ನಡುವೆ ಟೊಳ್ಳು, ಅಲ್ಲಿಂದಲೇ ಸೋರುತ್ತದೆ. ತುದಿ ಮುಚ್ಚಿದ್ದನ್ನು ಕೇಳಿ ತನ್ನಿ.

ಈಗ ಶಾಫ್ಟ್, ಅಂದರೆ ಮೋಟರಿನಿಂದ ಪ್ರೊಪೆಲ್ಲರಿನ ಕಡೆಗೆ ಇಳಿಯುವ ಕಾಲು. ಟ್ರಾನ್ಸಮ್ ಮೇಲಂಚಿನ ನಡುವಿನಿಂದ ತಳದವರೆಗೆ ನೇರ ಅಳೆಯಿರಿ. 15–16 ಇಂಚು ಬಂದರೆ ಗಿಡ್ಡ ಶಾಫ್ಟ್, 20ರ ಹತ್ತಿರ ಬಂದರೆ ಉದ್ದ ಶಾಫ್ಟ್. ಪ್ರೊಪೆಲ್ಲರಿನ ಮೇಲೆ ಅಡ್ಡಕ್ಕಿರುವ ಕ್ಯಾವಿಟೇಶನ್ ಪ್ಲೇಟ್ ದೋಣಿಯ ತಳದ ಮಟ್ಟಕ್ಕೆ, ಹೆಚ್ಚೆಂದರೆ ಒಂದು ಇಂಚು ಕೆಳಗೆ ಇರಬೇಕು. ಗಿಡ್ಡ ಟ್ರಾನ್ಸಮ್ಮಿನ ದೋಣಿಗೆ ಉದ್ದ ಶಾಫ್ಟ್ ಹಾಕಿದರೆ ಐದು ಇಂಚು ಸುಮ್ಮನೆ ಕೆಳಗೆ ಇಳಿಯುತ್ತದೆ. ಹೂಳು ತುಂಬಿದ ಸೂಳೆಕೆರೆಯ ಅಂಚಿನಲ್ಲಿ ಆ ಐದು ಇಂಚು ಕೆಸರನ್ನೇ ಕಡೆಯುತ್ತದೆ. ಮಾರಿಕಣಿವೆಯಲ್ಲಿ ತೊಂದರೆ ಬೇರೆ. 1933ರ ನಂತರ ಜಲಾಶಯ 130 ಅಡಿ ಮುಟ್ಟಿದ್ದು 2022ರಲ್ಲಿ. ಅಷ್ಟು ದಶಕ ಒಣಗಿದ್ದ ಅಂಚಿನಲ್ಲಿ ಬೆಳೆದ ಜಾಲಿ ಈಗ ನೀರಿನಡಿಯ ಬೊಡ್ಡೆ. ಟ್ರಾನ್ಸಮ್ ಮೇಲೆ ಮರದ ತುಂಡಿಟ್ಟು ಉದ್ದ ಶಾಫ್ಟನ್ನು ಎತ್ತಿ ಕೂರಿಸುವವರಿದ್ದಾರೆ. ಅದರಿಂದ ಹಲಗೆಯ ಮೇಲಿನ ಜಗ್ಗಾಟ ಹೆಚ್ಚುತ್ತದೆ, ಹಳೇ ದೋಣಿಗೆ ಬೇಡ.

ನಮ್ಮ ಕಡೆ ಬರುವ ಸೆಕೆಂಡ್ ಹ್ಯಾಂಡ್ ಮೋಟರುಗಳು ಹೆಚ್ಚಾಗಿ ಕರಾವಳಿಯವು, ಮಂಗಳೂರು, ಮಲ್ಪೆ, ಕಾರವಾರದ ಕಡೆಯವು. ಅಲ್ಲಿನ ನಾಡದೋಣಿಗಳಲ್ಲಿ ಸೀಮೆಎಣ್ಣೆಯ ಮೋಟರುಗಳೂ ಓಡುತ್ತವೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರಬೇಕು. ಎರಡು ಇಂಧನದ ಪೈಪು, ನಡುವೆ ತಿರುಗಿಸುವ ಕಾಕು ಕಂಡರೆ ಅದು ಇದೇ ಜಾತಿ. ಕಂಪ್ರೆಶನ್ ಕಡಿಮೆ ಇಟ್ಟು ಮಾಡಿದ್ದರಿಂದ ಬರೀ ಪೆಟ್ರೋಲಿನಲ್ಲಿ ಓಡಿಸಿದರೆ ಶಕ್ತಿ ಕಡಿಮೆ, ಖರ್ಚು ಜಾಸ್ತಿ. ಒಳನಾಡಿನ ಕೆರೆಗೆ ಅದು ಹೊಂದುವುದಿಲ್ಲ.

ಉಪ್ಪು ನೀರಿನಲ್ಲಿ ದುಡಿದ ಮೋಟರಿನ ಮೇಲೆ ಹೊಸ ಬಣ್ಣ ಹೊಡೆದಿರಬಹುದು. ಕವರ್ ತೆಗೆದು ಬೋಲ್ಟ್ ತಲೆಗಳು ಅಲ್ಯೂಮಿನಿಯಮ್ಮಿಗೆ ಕೂರುವ ಜಾಗ ನೋಡಿ. ಅಲ್ಲಿ ಬಿಳಿ ಪುಡಿ, ಬಣ್ಣದ ಗುಳ್ಳೆ ಇದ್ದರೆ ಒಳಗಿನ ನೀರಿನ ದಾರಿಯಲ್ಲೂ ಅದೇ ಕಟ್ಟಿರುತ್ತದೆ. ಮೋಟರನ್ನು ಎತ್ತಿ ಇಳಿಸಿ, ಎಡಕ್ಕೆ ಬಲಕ್ಕೆ ತಿರುಗಿಸಿ, ಕ್ಲ್ಯಾಂಪ್ ಸ್ಕ್ರೂ ಕೊನೆಯವರೆಗೆ ತಿರುಗುತ್ತದೋ ನೋಡಿ. ಹಿಡಿದುಕೊಂಡಿದ್ದರೆ ಬಿಡಿಸಲು ಹೋದವರ ಕೈಯಲ್ಲಿ ಬ್ರ್ಯಾಕೆಟ್ಟೇ ಮುರಿಯುವುದು ಮಾಮೂಲು.

ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ? ಟೂ ಸ್ಟ್ರೋಕ್ ಹಗುರ, ಬಿಡಿಭಾಗ ಕಡಿಮೆ, ಚನ್ನಗಿರಿ ಸೀಮೆಯ ಅಡಿಕೆ ತೋಟಗಳ ಬ್ರಷ್ ಕಟರ್, ಸ್ಪ್ರೇಯರ್ ರಿಪೇರಿ ಮಾಡುವ ಯಾರಿಗಾದರೂ ಅದರ ಕಾರ್ಬೊರೇಟರ್ ಅರ್ಥವಾಗುತ್ತದೆ. ಆದರೂ ನಮ್ಮ ಆಯ್ಕೆ ಫೋರ್ ಸ್ಟ್ರೋಕ್. ಕಾರ್ಬೊರೇಟರ್ ಇರುವ ಟೂ ಸ್ಟ್ರೋಕಿನಲ್ಲಿ ಕಾಲು ಭಾಗದ ಆಸುಪಾಸು ಇಂಧನ ಸುಡದೆ ಆಯಿಲ್ ಸಮೇತ ನೀರಿಗೆ ಹೋಗುತ್ತದೆ. ಸೂಳೆಕೆರೆಯ ನೀರನ್ನೂ ಮಾರಿಕಣಿವೆಯ ನೀರನ್ನೂ ಚಿತ್ರದುರ್ಗದ ಜನ ಕುಡಿಯುತ್ತಾರೆ. ಐದು ಕೆ.ಜಿ. ಹೆಚ್ಚು ಹೊತ್ತರೂ ಪರವಾಗಿಲ್ಲ, ಆ ನೀರಿನ ಮೇಲೆ ಎಣ್ಣೆಯ ಪದರ ಬಿಡಬಾರದು. ಟೂ ಸ್ಟ್ರೋಕೇ ಗತಿ ಅನ್ನುವವರು ಟಿಸಿ-ಡಬ್ಲ್ಯೂ3 ಗುರುತಿನ ಆಯಿಲನ್ನೇ ಹಾಕಬೇಕು. ಬೈಕಿನ 2ಟಿ ಆಯಿಲ್ ಗಾಳಿಯಲ್ಲಿ ತಣಿಯುವ ಬಿಸಿ ಎಂಜಿನ್ನಿಗೆ ಮಾಡಿದ್ದು, ನೀರಿನಲ್ಲಿ ತಣಿಯುವ ಮೋಟರಿನಲ್ಲಿ ಬೂದಿ ಕಟ್ಟಿ ಪ್ಲಗ್ ಕೆಡಿಸುತ್ತದೆ. ಪ್ರಮಾಣ ಮೋಟರಿನ ಮೇಲೆ ಬರೆದಂತೆ: 50:1 ಅಂದರೆ ಲೀಟರಿಗೆ 20 ಎಂಎಲ್, 100:1 ಅಂದರೆ 10 ಎಂಎಲ್.

ಪರೀಕ್ಷೆಗೆ ಹೋಗುವಾಗ ಪ್ಲಗ್ ಪಾನ, ಅಗಲ ಬಾಯಿಯ ಸ್ಕ್ರೂಡ್ರೈವರ್, ಕಂಪ್ರೆಶನ್ ಗೇಜ್, ಬಿಳಿ ಬಟ್ಟೆ, ಟಾರ್ಚ್ ಇರಲಿ. ಮೋಟರ್ ತಣ್ಣಗಿದೆಯೇ ಅಂತ ಮೊದಲು ಮುಟ್ಟಿ ನೋಡಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಬೆಳಿಗ್ಗೆ ಅದು ಹೇಗೆ ಸ್ಟಾರ್ಟ್ ಆಗುತ್ತದೆಂದು ಗೊತ್ತಾಗುವುದಿಲ್ಲ. ಆರುವ ತನಕ ಕಾಯಿರಿ.

ಸ್ಟಾರ್ಟ್ ಮಾಡುವುದಕ್ಕಿಂತ ಮುಂಚೆ ಗೇರ್ ಆಯಿಲ್. ಇಡೀ ಪರೀಕ್ಷೆಯಲ್ಲಿ ಹೆಚ್ಚು ದುಡ್ಡು ಉಳಿಸುವುದು ಇದೇ. ಮೋಟರ್ ರಾತ್ರಿಯಿಡೀ ನೆಟ್ಟಗೆ ನಿಂತಿದ್ದರೆ ಒಳ್ಳೆಯದು, ನೀರು ಆಯಿಲಿಗಿಂತ ಭಾರ, ತಳಕ್ಕೆ ಇಳಿದಿರುತ್ತದೆ. ಗೇರ್ ಭಾಗದ ಕೆಳಗಿನ ಸ್ಕ್ರೂವನ್ನು ಮೆಲ್ಲಗೆ ಸಡಿಲಿಸಿ, ಮೊದಲ ನಾಲ್ಕು ಹನಿಯನ್ನು ಬಿಳಿ ಬಟ್ಟೆಯ ಮೇಲೆ ಹಿಡಿಯಿರಿ. ಜೇನಿನಂತೆಯೋ ಕಪ್ಪಗೋ ಇದ್ದರೆ ಸರಿ. ಹಾಲು ಹಾಕಿದ ಟೀ ಬಣ್ಣ ಬಂದರೆ, ಅಥವಾ ಮೊದಲು ಬರೀ ನೀರೇ ತೊಟ್ಟಿಕ್ಕಿದರೆ ಸೀಲ್ ಹೋಗಿದೆ. ಕಾರಣ ಬಹುತೇಕ ಪ್ರೊಪೆಲ್ಲರಿನ ಹಿಂದೆಯೇ ಇರುತ್ತದೆ. ಪ್ರೊಪೆಲ್ಲರ್ ಬಿಚ್ಚಿದರೆ ಶಾಫ್ಟಿಗೆ ಸುತ್ತಿಕೊಂಡ ನೈಲಾನ್ ಬಲೆಯ ದಾರ ಕಾಣುತ್ತದೆ, ತಿರುಗುವ ಬಿಸಿಗೆ ಕರಗಿ ಬಳೆಯ ಹಾಗೆ ಗಟ್ಟಿಯಾಗಿರುತ್ತದೆ. ಅದೇ ಸೀಲಿನ ರಬ್ಬರನ್ನು ಕತ್ತರಿಸುವುದು. ಸೀಲ್ ಬದಲಿಸುವುದು ಸಣ್ಣ ಖರ್ಚು. ಆದರೆ ಆ ನೀರಿನಲ್ಲಿ ಬೇರಿಂಗು, ಗೇರು ಎಷ್ಟು ಕಾಲ ಓಡಿವೆ ಅನ್ನುವುದು ಬಿಚ್ಚದೆ ತಿಳಿಯದು. ಬಟ್ಟೆಯ ಮೇಲೆ ಕಬ್ಬಿಣದ ಚೂರು ಮಿನುಗಿದರೆ ಆ ಮೋಟರ್ ಬಿಟ್ಟು ಬನ್ನಿ. ತೀರಾ ಹೊಸ ಆಯಿಲ್ ಕಂಡರೆ ಸಮಾಧಾನಪಡಬೇಡಿ, ಅರ್ಧ ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

ಪ್ಲಗ್ ತೆಗೆದು ನೋಡಿ. ಕಂದು ಬಣ್ಣ ಒಳ್ಳೆಯದು, ಒದ್ದೆ ಕಪ್ಪು ಇದ್ದರೆ ಆಯಿಲ್ ಅಥವಾ ಪೆಟ್ರೋಲ್ ಜಾಸ್ತಿ. ಟಾರ್ಚ್ ಬಿಟ್ಟಾಗ ಒಂದು ಪಿಸ್ಟನ್ನಿನ ತಲೆ ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ ಆ ಸಿಲಿಂಡರಿಗೆ ಹೆಡ್ ಗ್ಯಾಸ್ಕೆಟ್ಟಿನಿಂದ ನೀರು ನುಗ್ಗಿ ಆವಿಯಾಗುತ್ತಿದೆ. ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು, ನಾಲ್ಕೈದು ಸಲ ಹಗ್ಗ ಎಳೆಯಿರಿ. ಎರಡು ಸಿಲಿಂಡರ್ ಇದ್ದರೆ ಅಂಕಿಗಿಂತ ಅವುಗಳ ನಡುವಿನ ವ್ಯತ್ಯಾಸ ಮುಖ್ಯ, ಶೇ. 10 ದಾಟಬಾರದು. ಸಣ್ಣ ಫೋರ್ ಸ್ಟ್ರೋಕ್‌ಗಳಲ್ಲಿ ಎಳೆಯಲು ಸುಲಭವಾಗಲೆಂದು ಕಂಪ್ರೆಶನ್ ತಾನಾಗಿ ಇಳಿಸುವ ವ್ಯವಸ್ಥೆ ಇರುತ್ತದೆ. ಅಲ್ಲಿ ಅಂಕಿ ಕಡಿಮೆ ಬಂದರೆ ಎಂಜಿನ್ ಸವೆದಿದೆ ಎಂದುಕೊಳ್ಳಬೇಡಿ.

ಆಮೇಲೆ 200 ಲೀಟರಿನ ಡ್ರಮ್ಮು. ಕ್ಯಾವಿಟೇಶನ್ ಪ್ಲೇಟಿನ ಮೇಲೆ ನಾಲ್ಕು ಇಂಚು ನೀರು ನಿಲ್ಲಬೇಕು. ನೀರಿಲ್ಲದೆ "ಒಂದೇ ಸಲ ಸೌಂಡ್ ಕೇಳಿ" ಅಂತ ಸ್ಟಾರ್ಟ್ ಮಾಡಲು ಬಿಡಬೇಡಿ, ಎಂಜಿನ್ ತಣಿಸುವ ನೀರಿನ ಪಂಪಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಒಣ ಓಟದಲ್ಲಿ ಕೆಲವೇ ಸೆಕೆಂಡಿಗೆ ಸುಟ್ಟುಹೋಗುತ್ತದೆ. ಸ್ಟಾರ್ಟ್ ಆದ ಅರ್ಧ ನಿಮಿಷದೊಳಗೆ ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮಬೇಕು. ತೊಟ್ಟಿಕ್ಕಿದರೆ ಮೊದಲು ಆ ತೂತಿಗೆ ತಂತಿ ಹಾಕಿ, ಕಣಜ ಗೂಡು ಕಟ್ಟಿರಬಹುದು. ಆಗಲೂ ಬರದಿದ್ದರೆ ಇಂಪೆಲ್ಲರ್ ಅಥವಾ ಕಟ್ಟಿಕೊಂಡ ಉಪ್ಪು. ಹತ್ತು ನಿಮಿಷದ ಮೇಲೆ ಡ್ರಮ್ಮಿನಲ್ಲಿ ಮೋಟರ್ ತಡವರಿಸಿದರೆ ಹೆದರಬೇಡಿ, ತನ್ನದೇ ಹೊಗೆಯನ್ನು ಉಸಿರಾಡುತ್ತಿರುತ್ತದೆ. ನೀರು ಬದಲಿಸಿ, ಗಾಳಿ ಆಡುವ ಕಡೆ ಮತ್ತೆ ಓಡಿಸಿ.

ಡ್ರಮ್ಮಿನಲ್ಲಿ ಗೊತ್ತಾಗದ್ದು ಒಂದಿದೆ. ಮೋಟರನ್ನು ದೋಣಿಗೆ ಕಚ್ಚಿಸಿ, ದೋಣಿಯನ್ನು ದಡದ ಗಟ್ಟಿ ಗೂಟಕ್ಕೆ ಹಗ್ಗದಲ್ಲಿ ಕಟ್ಟಿ, ಮುಂದಿನ ಗೇರ್ ಹಾಕಿ ನಿಧಾನವಾಗಿ ಥ್ರಾಟಲ್ ಏರಿಸಿ. ಕಟಕ್ ಎಂದು ಗೇರ್ ಹೊರಗೆ ಜಿಗಿದರೆ ಕ್ಲಚ್ಚಿನ ಹಲ್ಲು ದುಂಡಾಗಿದೆ. ಸಣ್ಣ ಮೋಟರಿನಲ್ಲಿ ಆ ರಿಪೇರಿಗೆ ಮೋಟರಿನ ಅರ್ಧ ಬೆಲೆ ಬೀಳಬಹುದು. ಗೇರ್ ನಿಂತು ಎಂಜಿನ್ ಮಾತ್ರ ಕಿರುಚಿದರೆ ಪ್ರೊಪೆಲ್ಲರಿನ ಒಳ ರಬ್ಬರ್ ಜಾರುತ್ತಿದೆ, ಇಲ್ಲವೇ ಶಿಯರ್ ಪಿನ್ ತುಂಡಾಗಿದೆ. ಬೊಡ್ಡೆಗೆ ತಾಗಿದಾಗ ತಾನು ಮುರಿದು ಗೇರನ್ನು ಉಳಿಸುವುದೇ ಆ ಪಿನ್ನಿನ ಕೆಲಸ. ಅದರ ಜಾಗದಲ್ಲಿ ಮೊಳೆಯೋ ಸ್ಟೀಲ್ ಸರಳೋ ಕಂಡರೆ ಗೇರ್ ಪೆಟ್ಟು ತಿಂದಿದೆ ಎಂದೇ ಲೆಕ್ಕ. ಸರಿಯಾದ ಪಿನ್ ನಾಲ್ಕು ಸದಾ ದೋಣಿಯಲ್ಲಿರಲಿ.

ದುಡ್ಡು ಕೊಡುವ ಮೊದಲು ಬ್ರ್ಯಾಕೆಟ್ ಮೇಲಿನ ಮಾಡೆಲ್, ಸೀರಿಯಲ್ ನಂಬರಿನ ಫೋಟೊ ತೆಗೆದು ಕರಾವಳಿಯ ಡೀಲರಿಗೆ ಕಳಿಸಿ, ವಾಟರ್ ಪಂಪ್ ಕಿಟ್ ಸಿಗುತ್ತದೋ ಕೇಳಿ. ಅದೊಂದು ಸಿಗದಿದ್ದರೆ ಎಷ್ಟು ಚೆನ್ನಾಗಿ ಓಡುವ ಮೋಟರೂ ಬೇಡ. ಸಣ್ಣ ಮರ್ಕ್ಯುರಿ ಮೋಟರುಗಳಲ್ಲಿ ಹಲವು ತೊಹಾತ್ಸು ಮಾಡಿಕೊಟ್ಟವು, ಭಾಗಗಳು ಒಂದಕ್ಕೊಂದು ಹೊಂದುತ್ತವೆ. ಬಿಲ್ ಅಥವಾ ಸಹಿ ಹಾಕಿದ ಮಾರಾಟ ಪತ್ರ ಪಡೆಯಿರಿ. 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ಯಂತ್ರ ಹಾಕಿದ ದೋಣಿಗೆ ನೋಂದಣಿ ಬೇಕು, ಜಲಾಶಯದ ಅನುಮತಿ ಅದರ ಮೇಲೆ ಬೇರೆ.

ಫೋರ್ ಸ್ಟ್ರೋಕನ್ನು ಪಾರ್ಸೆಲ್ ಲಾರಿಯಲ್ಲಿ ಹಾಕಿ ತರಿಸುವವರಿಗೆ ಒಂದು ಮಾತು. ಯಾವ ಮಗ್ಗುಲಲ್ಲಿ ಮಲಗಿಸಬೇಕೆಂದು ಮೋಟರಿನ ಮೇಲೇ ಗುರುತಿರುತ್ತದೆ. ತಪ್ಪು ಮಗ್ಗುಲಾದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ. ಇಲ್ಲಿ ಬಂದ ಮೇಲೆ ಒಂದು ಗಂಟೆ ನೆಟ್ಟಗೆ ನಿಲ್ಲಿಸಿ, ಪ್ಲಗ್ ತೆಗೆದು ಹಗ್ಗವನ್ನು ನಿಧಾನವಾಗಿ ಎಳೆದು ಆಮೇಲೆ ಸ್ಟಾರ್ಟ್ ಮಾಡಿ. ಆಯಿಲ್ ತುಂಬಿದ ಸಿಲಿಂಡರನ್ನು ಬಲ ಹಾಕಿ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ತಂದ ದಿನವೇ ಇಂಪೆಲ್ಲರ್, ಪ್ಲಗ್, ಗೇರ್ ಆಯಿಲ್, ಪೆಟ್ರೋಲ್ ಪೈಪು ಬದಲಿಸಿ. ಗೇರ್ ಆಯಿಲ್ 100–200 ಎಂಎಲ್ ಹಿಡಿಯುತ್ತದೆ, ಕೆಳಗಿನ ತೂತಿನಿಂದ ತುಂಬಿ ಮೇಲಿನ ತೂತಿನಲ್ಲಿ ಉಕ್ಕಿದ ಮೇಲೆ ಮೇಲಿನ ಸ್ಕ್ರೂ ಮೊದಲು ಹಾಕಿ, ನಂತರ ಕೆಳಗಿನದು. ಪೈಪು ಯಾಕೆಂದರೆ ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್, ಹಳೇ ರಬ್ಬರ್ ಉಬ್ಬಿ ಒಳಗಿನಿಂದ ಪುಡಿಯಾಗುತ್ತದೆ. ಎಥನಾಲ್ ತೇವವನ್ನೂ ಹೀರುತ್ತದೆ. ದಡಕ್ಕೆ ಬಂದ ಮೇಲೆ ಪೆಟ್ರೋಲ್ ಕಾಕು ಮುಚ್ಚಿ, ಮೋಟರ್ ತಾನಾಗಿ ನಿಲ್ಲುವ ತನಕ ಓಡಿಸಿ, ಕಾರ್ಬೊರೇಟರ್ ಬಟ್ಟಲಿನ ಡ್ರೈನ್ ಸ್ಕ್ರೂ ಬಿಚ್ಚಿ ಉಳಿದದ್ದನ್ನು ಡಬ್ಬಿಗೆ ಇಳಿಸಿ. ಫೋರ್ ಸ್ಟ್ರೋಕಿನ ಕಾರ್ಬೊರೇಟರಿನಲ್ಲಿ ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ಟಿನ ತೂತು ಕೂದಲೆಳೆಯಷ್ಟು, ಒಂದು ತಿಂಗಳ ಹಳೇ ಪೆಟ್ರೋಲೇ ಅದನ್ನು ಮುಚ್ಚುತ್ತದೆ. ಕರಾವಳಿಯ ಮೋಟರಿನಲ್ಲಿ ಸತುವಿನ ಆನೋಡ್ (ಮೋಟರಿನ ಬದಲು ತಾನು ಸವೆದು ಅದನ್ನು ಉಳಿಸುವ ಲೋಹದ ತುಂಡು) ಇದ್ದರೆ ಬದಲಿಸಿ. ಸಿಹಿ ನೀರಿನಲ್ಲಿ ಸತು ಪೊರೆ ಕಟ್ಟಿ ಸುಮ್ಮನಾಗುತ್ತದೆ, ಅಲ್ಯೂಮಿನಿಯಂ ಅಥವಾ ಮೆಗ್ನೀಶಿಯಂ ಆನೋಡ್ ಬೇಕು.

ಕೂರಿಸುವಾಗ ಕ್ಲ್ಯಾಂಪಿನ ಕೆಳಗೆ 3 ಎಂಎಂ ಅಲ್ಯೂಮಿನಿಯಂ ತಗಡು ಕೊಡಿ, ಇಲ್ಲದಿದ್ದರೆ ಸ್ಕ್ರೂ ಹೊಸ ಪ್ಲೈವುಡ್ಡನ್ನು ಕೊರೆಯುತ್ತದೆ. ಪೆಟ್ರೋಲ್ ಟ್ಯಾಂಕನ್ನೂ ಲಂಗರನ್ನೂ ಮುಂದಕ್ಕೆ ಸರಿಸಿ. ಥ್ರಾಟಲ್ ಹಿಡಿಗೆ ಬಿಗಿಯಾಗಿ ಕೂರುವ ಎರಡು ಅಡಿ ಪಿವಿಸಿ ಪೈಪು ಸಿಕ್ಕಿಸಿದರೆ ನಡು ಹಲಗೆಯಲ್ಲಿ ಕೂತೇ ಓಡಿಸಬಹುದು, ಹಿಂಬದಿಯ ಭಾರ ಅಲ್ಲೇ ಇಳಿಯಿತು. ಎಂಜಿನ್ ನಿಲ್ಲಿಸುವ ಕೆಂಪು ದಾರ ಆಗಲೂ ಕೈಗೆ ಕಟ್ಟಿರಲೇಬೇಕು. ನಡುಗುವಿಕೆಗೆ ಕ್ಲ್ಯಾಂಪ್ ಸ್ಕ್ರೂ ಸಡಿಲಾಗುತ್ತದೆ, ಮೊದಲ ಕಾಲು ಗಂಟೆಯ ಮೇಲೆ ಒಮ್ಮೆ ಬಿಗಿ ಮಾಡಿ. ಮೋಟರಿನ ಬ್ರ್ಯಾಕೆಟ್ಟಿನಿಂದ ದೋಣಿಯ ಒಳಗಿನ ಕೊಂಡಿಗೆ 8 ಎಂಎಂ ನೈಲಾನ್ ಹಗ್ಗ ಕಟ್ಟಿ, ಮೋಟರ್ ಕಳಚಿಕೊಂಡರೂ ಕೆರೆಯ ತಳ ಸೇರದಷ್ಟು ಗಿಡ್ಡಕ್ಕೆ.